ಯುದ್ಧಕಾಲದ ಚೀಟಿಹಣ ಸಿಗುವ ಚಿಕ್ಕಮಗಳೂರಿನ ಅಂಗಡಿ

ಚಿಕ್ಕಮಗಳೂರಿನ ಎಂ.ಜಿ. ರಸ್ತೆಯಿಂದ ಒಳಕ್ಕೆ ತಿರುಗುವ ಓಣಿಯೊಂದರಲ್ಲಿ, ಮಹಡಿಯ ಮೇಲೆ, ಹಳೆಯ ನಾಣ್ಯ ಮತ್ತು ನೋಟುಗಳನ್ನು ಮಾರುವ ಪುಟ್ಟ ಅಂಗಡಿಯಿದೆ. ಜರ್ಮನಿಯ 'ನೋಟ್‌ಗೆಲ್ಡ್' ಎಂಬ ತುರ್ತು ಹಣಕ್ಕಾಗಿಯೇ ನಾನು ಅಲ್ಲಿಗೆ ನಾಲ್ಕು ಬಾರಿ ಹೋಗಿದ್ದೇನೆ.

1914ರಲ್ಲಿ ಮೊದಲನೆಯ ಮಹಾಯುದ್ಧ ಶುರುವಾದೊಡನೆ ಜರ್ಮನಿಯ ಜನ ಬೆಳ್ಳಿ ನಾಣ್ಯಗಳನ್ನು ಬಚ್ಚಿಟ್ಟುಕೊಂಡರು. ಮುಂದೆ ತಾಮ್ರ, ನಿಕ್ಕಲ್‌ಗಳೂ ಮದ್ದುಗುಂಡಿನ ಕಾರ್ಖಾನೆಗಳ ಪಾಲಾದವು. ಅಂಗಡಿಗಳಲ್ಲಿ ಚಿಲ್ಲರೆಯೇ ಸಿಗದಂತಾದಾಗ ಪುರಸಭೆಗಳೂ ಕಾರ್ಖಾನೆಗಳೂ ತಮ್ಮ ಊರಿನ ಮಟ್ಟಿಗೆ ನಡೆಯುವ ಕಾಗದದ ಹಣವನ್ನು ತಾವೇ ಅಚ್ಚು ಹಾಕಿಸಿದವು. ನಾನು ಕೊಂಡ 1917ರ 50 ಫೆನಿಗ್ (ನಮ್ಮ ಪೈಸೆಯಂಥ ಜರ್ಮನ್ ಚಿಲ್ಲರೆ) ಚೀಟಿ ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು. ಮಡಿಕೆಯ ಗೆರೆಯುದ್ದಕ್ಕೂ ಕಾಗದ ಸವೆದು ಬೆಳಕು ತೂರುತ್ತದೆ, ಮೂಲೆಯಲ್ಲಿ ಪುರಸಭೆಯ ನೇರಳೆ ಮೊಹರು ಅರ್ಧ ಅಳಿಸಿದೆ. ಎಷ್ಟು ಕೈ ದಾಟಿ ಬಂದಿತೋ ಎಂದು ಅದನ್ನು ಹಿಡಿದಾಗಲೆಲ್ಲ ಮನಸ್ಸು ಕರಗುತ್ತದೆ.

ಆದ್ದರಿಂದಲೇ ಒಂದು ಆಕ್ಷೇಪವನ್ನು ಹೇಳಲೇಬೇಕು. ಮೊದಲ ಬಾರಿ 'ಯುದ್ಧಕಾಲದ ನೋಟು' ಎಂಬ ಪಟ್ಟಿ ಅಂಟಿಸಿ ನನಗೆ ಕೊಟ್ಟ ಆರು ಬಣ್ಣದ ಚೀಟಿಗಳ ಮೇಲೆ 1921 ಎಂದಿತ್ತು. ಯುದ್ಧ ಮುಗಿದ ಮೇಲೆ ಅನೇಕ ಊರುಗಳು ಸಂಗ್ರಾಹಕರಿಗೆ ಮಾರಲೆಂದೇ ಇಂಥ ಚಿತ್ರಮಯ ಸರಣಿಗಳನ್ನು ಹೊರತಂದವು; ಅವು ಚೆಂದವೇ ಆದರೂ, ಚಿಲ್ಲರೆಗಾಗಿ ಪರದಾಡಿದವರ ಜೇಬಿನಲ್ಲಿದ್ದ ಹಣವಲ್ಲ. ತಿಳಿಸಿದಾಗ ಅಂಗಡಿಯ ಯಜಮಾನರು ಬೇಸರಿಸದೆ ಬದಲಿಸಿ ಕೊಟ್ಟರು. ಆದರೂ ಆಲ್ಬಮ್ಮಿನಲ್ಲಿ ಎರಡೂ ಇನ್ನೂ ಬೆರೆತೇ ಇವೆ, ಇಸವಿ ನೋಡಿಯೇ ಕೊಳ್ಳಬೇಕು.

ನಮ್ಮ ದೇಶದ ಭಾಗ ಚಿಕ್ಕದಾದರೂ ಅಚ್ಚುಕಟ್ಟಾಗಿದೆ. ಎರಡನೆಯ ಮಹಾಯುದ್ಧದ ನಾಣ್ಯದ ಬರದಲ್ಲಿ ಬಿಕಾನೇರ್, ಮೋರ್ವಿ, ನವಾನಗರ ಮುಂತಾದ ಸಂಸ್ಥಾನಗಳು ಹೊರಡಿಸಿದ ರಟ್ಟಿನ ಕೂಪನ್ನುಗಳಲ್ಲಿ ಮೂರು ಇಲ್ಲಿವೆ. ಅವುಗಳ ಪಕ್ಕದಲ್ಲಿ, ತಾಮ್ರ ಉಳಿಸಲೆಂದು 1943ರಿಂದ ಟಂಕಿಸಿದ ತೂತಿನ ಕಾಸನ್ನೂ ಯಜಮಾನರು ಇಟ್ಟಿದ್ದಾರೆ. ಅಜ್ಜಿ ನನ್ನ ತಂದೆಯ ಉಡಿದಾರಕ್ಕೆ ಕಟ್ಟಿದ್ದ ಕಾಸೂ ಅದೇ. ಅದು ಯುದ್ಧದ ಕೂಸೆಂದು ನನಗೆ ತಿಳಿದದ್ದು ಈ ಅಂಗಡಿಯ ಗಾಜಿನ ಮೇಜಿನ ಮುಂದೆ.

ಬೆಲೆ ನ್ಯಾಯವಾಗಿದೆ: 1917ರ ಚೀಟಿಗೆ ನಾನು ಕೊಟ್ಟದ್ದು 350 ರೂಪಾಯಿ. ಮಲೆನಾಡಿನ ಮಳೆಗಾಲದಲ್ಲಿ ಕಾಗದಕ್ಕೆ ಬೂಷ್ಟು ಹಿಡಿಯುವುದರಿಂದ, ಯಜಮಾನರು ಪ್ರತಿ ಚೀಟಿಯನ್ನೂ ಬೇರೆ ಬೇರೆ ಲಕೋಟೆಯಲ್ಲಿಟ್ಟು, ತೇವ ಹೀರುವ ಪುಡಿಯ ಪೊಟ್ಟಣದೊಂದಿಗೆ ಡಬ್ಬಿಯಲ್ಲಿ ಹಾಕಿ ಕೊಡುತ್ತಾರೆ.