ಮದುವೆ ಹಾರ ಮನೆಯಲ್ಲೇ ಮಾಡುವುದಾದರೆ: ಸುಗಂಧರಾಜವೋ, ಮಲ್ಲಿಗೆಯೋ?

ಮನೆಮಂದಿ ಕೂತು ಹಾರ ಮಾಡುವುದಾದರೆ ನನ್ನ ಮತ ಸುಗಂಧರಾಜಕ್ಕೆ. ಹೂವಿನ ಬುಡ ಉದ್ದ ಕೊಳವೆಯಂತೆ ಇರುತ್ತದೆ. ಉದ್ದ ಸೂಜಿ, ಗಟ್ಟಿ ದಾರ ಇದ್ದರೆ ಹೊಸಬರೂ ಪೋಣಿಸಬಹುದು. ಹಿಂದಿನ ರಾತ್ರಿಯೇ ಮೊಗ್ಗು ಪೋಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಡಿ, ಬೆಳಗಿನ ಮುಹೂರ್ತಕ್ಕೆ ಬಾಡಿರುವುದಿಲ್ಲ. ನಡುನಡುವೆ ಕೆಂಪು ಗುಲಾಬಿ ಸೇರಿಸಿದರೆ ಎಷ್ಟು ಚೆಂದ ಅಲ್ವಾ! ತೂಕ ಮಾತ್ರ ಜಾಸ್ತಿ.

ಪರಿಮಳದಲ್ಲಿ ಮಲ್ಲಿಗೆಯೇ ಮೇಲು. ಮೈಸೂರು, ಹಡಗಲಿ, ಉಡುಪಿ ಮಲ್ಲಿಗೆ ಮೂರಕ್ಕೂ ಆಯಾ ಊರಿನ ವಿಶಿಷ್ಟ ಬೆಳೆ ಎಂಬ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಇದೆ. ಆದರೆ ಬಾಳೆನಾರಿನಲ್ಲಿ ಮೊಗ್ಗು ಜೋಡಿಸಿ ಗಂಟು ಹಾಕುತ್ತಾ ಹೋಗಬೇಕು, ಕೈ ಪಳಗಿರಬೇಕು. ಬೆಳಿಗ್ಗೆ ಕೊಯ್ದ ಮೊಗ್ಗು ಸಂಜೆಗೆ ಅರಳುತ್ತದೆ. ಹಾಗಾಗಿ ಸಂಜೆಯ ಆರತಕ್ಷತೆಗೆ ಇದೇ ಸರಿ. ಹೂ ಕಟ್ಟಲು ಬಲ್ಲ ಅಜ್ಜಿ ಮನೆಯಲ್ಲಿದ್ದರೆ ಮದುಮಗಳ ಜಡೆಯ ಮಲ್ಲಿಗೆ ಅವರಿಗೇ ಬಿಡಿ.