ಧಾರವಾಡಕ್ಕೆ ಅಪೀಲು ಹೋಗೋ ನಮ್ಮ ಕಡೆಯವರಿಗೆ: ವಕೀಲರ ಆಫೀಸಿನ ಬಗ್ಗೆ ನಮ್ಮ ಮನೆ ಅನುಭವ

ಹೋದ ತಿಂಗಳು ನಮ್ಮ ಧಾರವಾಡದ ವಕೀಲರ ಆಫೀಸಿಂದ ಫೋನ್ ಬಂತು, ಅಲ್ಲಿನ ದೊಡ್ಡ ವಕೀಲರಿಗೆ ಹೈಕೋರ್ಟು ಸೀನಿಯರ್ ಅಡ್ವೊಕೇಟ್ ಅಂತ ಡೆಸಿಗ್ನೇಶನ್ ಕೊಟ್ಟಿದೆ ಅಂತ. ಆಯಿಗೆ, ಅಂದ್ರೆ ನಮ್ಮಮ್ಮಂಗೆ, ಹೇಳಿದ್ದೇ ತಡ, ದೇವರ ಮುಂದೆ ತುಪ್ಪದ ದೀಪ ಹಚ್ಚಿ ಬಂದ್ಲು. ಅವತ್ತೇ ಅನ್ಕೊಂಡೆ ಈ ಆಫೀಸಿನ ಬಗ್ಗೆ ಬರೀಬೇಕು ಅಂತ, ಯಾಕಂದ್ರೆ ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆ ಜಮೀನು ಕೇಸು ಇಲ್ಲದ ಮನೆ ಹುಡುಕೋದು ಕಷ್ಟ, ಕೆಳಗಿನ ಕೋರ್ಟಲ್ಲಿ ಸೋತ ಮೇಲೆ ಯಾರ ಹತ್ರ ಹೋಗಬೇಕು ಅಂತ ಗೊತ್ತಾಗದೇ ಎಷ್ಟೋ ಜನ ಸುಮ್ನೆ ಕೂತುಬಿಡ್ತಾರೆ.

ಆಫೀಸಿನ ಹೆಸರು ಹಾಕ್ತಿಲ್ಲ. ಅವರೇ ಬೇಡ ಅಂದ್ರು, ವಕೀಲರು ಜಾಹೀರಾತು ಮಾಡೋ ಹಾಗಿಲ್ಲ ಅಂತ ಬಾರ್ ಕೌನ್ಸಿಲ್ ನಿಯಮ ಇದೆ, ಹೆಸರು ಹಾಕಿ ಹೊಗಳಿದ್ರೆ ನಾವೇ ಬರೆಸಿದ ಹಾಗೆ ಆಗ್ತದೆ ಅಂದ್ರು. ಆ ಮಾತಿಗೆ ಮರ್ಯಾದೆ ಕೊಡ್ತೀನಿ. ಆದ್ರೆ ಅಪೀಲಿಗೆ ಅಂತ ವಕೀಲರನ್ನ ಹುಡುಕುವಾಗ ಏನು ನೋಡಬೇಕು ಅನ್ನೋದು ನಮಗೆ ಇವರಿಂದಲೇ ಗೊತ್ತಾಗಿದ್ದು.

ಕೇಸು ಇಷ್ಟೇ. ಆಯಿ ತವರುಮನೆ ಅಡಿಕೆ ತೋಟ, ಪಿತ್ರಾರ್ಜಿತ. ಅಜ್ಜ 1998ರಲ್ಲಿ ತೀರಿಕೊಂಡರು, ಅಜ್ಜಿ ಅವರಿಗಿಂತ ಮೊದಲೇ ಹೋಗಿದ್ರು. ಮಕ್ಕಳು ಮೂರು ಜನ, ಇಬ್ಬರು ಮಾವಂದಿರು ಮತ್ತೆ ಆಯಿ. ಪಾಲು ಕೇಳಿದ್ದಕ್ಕೆ ಮಾತುಕತೆ ಮುರಿದು ಬಿತ್ತು, 2011ರಲ್ಲಿ ಶಿರಸಿ ಕೋರ್ಟಲ್ಲಿ ದಾವೆ ಹಾಕಿದ್ವಿ. 2016ರಲ್ಲಿ ಆಯಿಗೆ ಒಂಬತ್ತರಲ್ಲಿ ಒಂದು ಪಾಲು ಅಂತ ಆಯ್ತು. ಅಜ್ಜ 2005ಕ್ಕೆ ಮುಂಚೆ ತೀರಿಕೊಂಡಿದ್ದಾರೆ, ಹಾಗಾಗಿ ಮಗಳಿಗೂ ಗಂಡುಮಕ್ಕಳ ಸಮ ಪಾಲು ಅನ್ನೋ 2005ರ ಹೊಸ ಕಾಯ್ದೆ ಆಯಿಗೆ ಅನ್ವಯ ಆಗಲ್ಲ ಅಂತ. ಆಗ ಸುಪ್ರೀಂ ಕೋರ್ಟಿನ 2015ರ ತೀರ್ಪೂ ಹಾಗೇ ಇತ್ತು. ಅಪೀಲು ಹಾಕಿದ್ವಿ, 2019ರಲ್ಲಿ ಅದೂ ವಜಾ.

ಇಲ್ಲೇ ದೊಡ್ಡ ಎಡವಟ್ಟು ಆಗಿದ್ದು. ಅಪೀಲು ವಜಾ ಆಗಿದ್ದು ನಮಗೆ ಗೊತ್ತೇ ಇಲ್ಲ! ಆಗ ಕೇಸು ನೋಡ್ತಿದ್ದ ವಕೀಲರು ತೀರ್ಪಿನ ಸರ್ಟಿಫೈಡ್ ಕಾಪಿ ತಗೊಂಡು ಕಪಾಟಲ್ಲಿ ಇಟ್ಟಿದ್ರು, ಕೇಳಿದಾಗೆಲ್ಲ ಆಗ್ತದೆ ಆಗ್ತದೆ ಅಂತಿದ್ರು. ಕೊನೆಗೆ ನಾನೇ ಇ-ಕೋರ್ಟ್ಸ್ ಆಪಲ್ಲಿ ಕೇಸಿನ ಸಿಎನ್‌ಆರ್ ನಂಬರ್ ಹಾಕಿ ನೋಡಿದ್ರೆ ಡಿಸ್ಪೋಸ್ಡ್ ಅಂತ ತೋರಿಸ್ತು. ಹೈಕೋರ್ಟಿಗೆ ಅಪೀಲು ಹಾಕೋಕೆ 90 ದಿನ ಟೈಮು, ಅದು ಮುಗಿದು ಹೋಗಿತ್ತು. ಆಯಿ ಎರಡು ದಿನ ಸರಿ ಊಟ ಮಾಡ್ಲಿಲ್ಲ.

ಪರಿಚಯದವರು ಹೇಳಿದ್ರು ಅಂತ ಮುಂಡಗೋಡ ಮೇಲಿನ ಬಸ್ಸಲ್ಲಿ ಹುಬ್ಬಳ್ಳಿಗೆ ಹೋಗಿ ಅಲ್ಲಿಂದ ಚಿಗರಿ ಬಸ್ಸು ಹತ್ತಿ ಧಾರವಾಡ ಮುಟ್ಟಿದ್ವಿ. 2008ರಲ್ಲಿ ಧಾರವಾಡದಲ್ಲಿ ಹೈಕೋರ್ಟಿನ ಸಂಚಾರಿ ಪೀಠ ಶುರುವಾಗಿ 2013ರಲ್ಲಿ ಖಾಯಂ ಆಯ್ತು, ಅದಕ್ಕೂ ಮುಂಚೆ ನಮ್ಮ ಜಿಲ್ಲೆಯವರು ಒಂದು ತಾರೀಖಿಗೂ ಬೆಂಗಳೂರಿಗೇ ಹೋಗಬೇಕಿತ್ತು. ಆಯಿ ಮಂಡಿನೋವು ಇಟ್ಕೊಂಡು ಬೆಂಗಳೂರಿಗೆ ಹೋಗೋದಾಗಿದ್ರೆ ಕೇಸು ಅಲ್ಲಿಗೇ ನಿಲ್ತಿತ್ತು.

ಆಫೀಸಲ್ಲಿ ದೊಡ್ಡ ವಕೀಲರು ಮೊದಲು ನಮ್ಮ ಕಥೆ ಕೇಳಲೇ ಇಲ್ಲ. ಸರ್ಟಿಫೈಡ್ ಕಾಪಿ ಕೊಡ್ರಿ ಅಂದ್ರು, ಕೊಟ್ರೆ ತೀರ್ಪು ಓದೋ ಬದಲು ಕೊನೇ ಹಾಳೆ ತಿರುಗಿಸಿ ಹಿಂದಿನ ಮೊಹರು ನೋಡಿದ್ರು. ಅದರಲ್ಲಿ ಕಾಪಿಗೆ ಅರ್ಜಿ ಹಾಕಿದ ದಿನ, ಕಾಪಿ ತಯಾರಾದ ದಿನ, ಕೊಟ್ಟ ದಿನ ಎಲ್ಲ ಇರ್ತದೆ, ನಾನು ಅದನ್ನ ಅಲ್ಲೀವರೆಗೆ ಗಮನಿಸಿಯೇ ಇರಲಿಲ್ಲ. ಪೆನ್ಸಿಲ್ ಹಿಡ್ಕೊಂಡು ಗೋಡೆ ಕ್ಯಾಲೆಂಡರ್ ಮೇಲೆ ಲೆಕ್ಕ ಹಾಕಿದ್ರು. ತೀರ್ಪಾಗಿ 161 ದಿನ ಆಗಿದೆ, ಕಾಪಿ ತಯಾರಾಗೋಕೆ ಹಿಡಿದ 22 ದಿನ ಲೆಕ್ಕಕ್ಕೆ ಬರೋದಿಲ್ಲ, ಉಳೀತು 139, ಅದರಲ್ಲಿ 90 ಕಳೆದ್ರೆ 49 ದಿನ ತಡ. ಆಮೇಲೆ ಆಯಿ ಕಡೆ ತಿರುಗಿ ಹೇಳಿದ್ರು, "ಅಮ್ಮಾರ, 49 ದಿನಕ್ಕ ಕಾರಣ ಕೊಡಬೇಕ್ರಿ. ಖರೇ ಏನಾತು ಅದನ್ನಷ್ಟ ಬರೀತೀವಿ, ಆರಾಮ ಇರಲಿಲ್ಲ ಅಂತ ಸುಳ್ಳು ಡಾಕ್ಟರ್ ಸರ್ಟಿಫಿಕೇಟ್ ತರಬ್ಯಾಡ್ರಿ." ನಿಜ ಹೇಳ್ತೀನಿ, ನಾವು ಅಂಥದ್ದೊಂದು ಸರ್ಟಿಫಿಕೇಟ್ ಮಾಡಿಸ್ಕೊಳ್ಳೋಣ ಅಂತ ಮಾತಾಡಿಕೊಂಡೇ ಹೋಗಿದ್ವಿ. ಇದ್ದದ್ದು ಇದ್ದ ಹಾಗೆ ಅಫಿಡವಿಟ್ ಮಾಡಿದ್ರು, ಕೋರ್ಟು ತಡವನ್ನ ಮನ್ನಾ ಮಾಡ್ತು.

ಇನ್ನೊಂದು ಮಾತು ಅವತ್ತೇ ಸ್ಪಷ್ಟ ಮಾಡಿದ್ರು. ಎರಡನೇ ಅಪೀಲು, ಅಂದ್ರೆ ಆರ್‌ಎಸ್‌ಎ ಅಂತಾರಲ್ಲ, ಅದರಲ್ಲಿ ಮತ್ತೆ ಸಾಕ್ಷಿ ಗೀಕ್ಷಿ ಅಂತ ಮೊದಲಿಂದ ಕೇಳೋದಿಲ್ಲ. ಸಿವಿಲ್ ಪ್ರೊಸೀಜರ್ ಕೋಡಿನ 100ನೇ ಸೆಕ್ಷನ್ ಪ್ರಕಾರ ಗಣನೀಯವಾದ ಕಾನೂನಿನ ಪ್ರಶ್ನೆ ಇದ್ರೆ ಮಾತ್ರ ಹೈಕೋರ್ಟು ಒಳಗೆ ಬಿಟ್ಕೊಳ್ತದೆ. ನಮ್ಮದರಲ್ಲಿ ಪ್ರಶ್ನೆ ಇದೆ, ಆದ್ರೆ ಆ ಪ್ರಶ್ನೆ ಮೇಲೆ ಸುಪ್ರೀಂ ಕೋರ್ಟಲ್ಲೇ ಎರಡು ತರದ ತೀರ್ಪು ಇವೆ, ದೊಡ್ಡ ಪೀಠ ಏನು ಹೇಳ್ತದೋ ಕಾಯಬೇಕು, ಗೆಲ್ತೀವಿ ಅಂತ ಗ್ಯಾರಂಟಿ ಕೊಡೋದಿಲ್ಲ ಅಂದ್ರು. ನಮ್ಮ ಪಕ್ಕದೂರಿನವರೊಬ್ಬರು ಬೇಲಿ ಜಗಳದ ಕೇಸು ಹಿಡ್ಕೊಂಡು ಇದೇ ಆಫೀಸಿಗೆ ಹೋಗಿದ್ರು. ಬೇಲಿ ಎಲ್ಲಿತ್ತು ಅನ್ನೋದು ಬರೀ ಸಂಗತಿಯ ವಿಷಯ, ಎರಡೂ ಕೋರ್ಟು ಒಂದೇ ಹೇಳಿವೆ, ದುಡ್ಡು ದಂಡ ಮಾಡ್ಕೋಬೇಡ್ರಿ ಅಂತ ಫೀಸೂ ತಗೊಳ್ಳದೇ ವಾಪಸ್ ಕಳಿಸಿದ್ರು. ನನ್ನ ಪ್ರಕಾರ ಅಪೀಲು ವಕೀಲರಲ್ಲಿ ನೋಡಬೇಕಾದ ಮೊದಲ ಗುಣ ಇದೇ.

2020ರ ಆಗಸ್ಟ್ 11ಕ್ಕೆ ವಿನೀತಾ ಶರ್ಮಾ ಕೇಸಿನ ತೀರ್ಪು ಬಂತು, ಮೂವರು ನ್ಯಾಯಮೂರ್ತಿಗಳ ಪೀಠ. ಮಗಳಿಗೆ ಹಕ್ಕು ಹುಟ್ಟಿನಿಂದಲೇ ಬರ್ತದೆ, ಹೊಸ ಕಾಯ್ದೆ ಜಾರಿಗೆ ಬಂದ 2005ರ ಸೆಪ್ಟೆಂಬರ್ 9ಕ್ಕೆ ತಂದೆ ಬದುಕಿರಲೇಬೇಕು ಅಂತಿಲ್ಲ ಅಂತ. ಅವತ್ತು ಸಂಜೆಯೇ ಆಫೀಸಿನ ಜೂನಿಯರ್ ಮೇಡಂ ಫೋನ್ ಮಾಡಿ ತಿಳಿಸಿದ್ರು, ಕೊರೋನಾ ಟೈಮು ಅದು, ಕೋರ್ಟೇ ಸರಿ ನಡೀತಿರ್ಲಿಲ್ಲ, ಆದ್ರೂ ನೆನಪಿಟ್ಟು ಫೋನ್ ಮಾಡಿದ್ರಲ್ಲ ಅಂತ ನನಗೆ ಇವತ್ತಿಗೂ ಖುಷಿ.

ಆ ಮೇಡಂ ನಮ್ಮ ಕುಮಟಾ ಕಡೆಯವರು. ಮುಂದೆ ನಾವು ಆಫೀಸಿಗೆ ಹೋದಾಗ ಆಯಿ ಕೇಳಿದ್ಲು, ಹಿಂದೆ ಒಂಬತ್ತರಲ್ಲಿ ಒಂದು ಅಂದ್ರು, ಈಗ ಮೂರರಲ್ಲಿ ಒಂದು ಅಂತೀರಿ, ಅದು ಹೆಂಗೆ ತಂಗೀ ಅಂತ. ಮೇಡಂ ಆಯಿಯ ಕವಳದ ಸಂಚಿ ಇಸ್ಕೊಂಡು ಒಂಬತ್ತು ಅಡಿಕೆ ಹೋಳು ಮೇಜಿನ ಮೇಲೆ ಇಟ್ರು. ಅಜ್ಜಂಗೆ ಮೂರು, ಮಾವಂದಿರಿಗೆ ಮೂರು ಮೂರು, ಆಯಿಗೆ ಏನೂ ಇಲ್ಲ, ಅಜ್ಜ ತೀರಿಕೊಂಡ ಮೇಲೆ ಅವರ ಮೂರು ಹೋಳಲ್ಲಿ ಒಂದು ಆಯಿಗೆ, ಅದು ಹಳೇ ಲೆಕ್ಕ. ಆಮೇಲೆ ಇನ್ನೂ ಮೂರು ಹೋಳು ತೆಗೆದು ಹನ್ನೆರಡು ಮಾಡಿ ನಾಲ್ಕು ಗುಂಪು ಇಟ್ರು, ಈಗ ನೀವೂ ಹುಟ್ಟಿನಿಂದ ಪಾಲುದಾರರು ಅಮ್ಮ, ನಿಮ್ಮವೇ ಮೂರು, ಅಜ್ಜನ ಮೂರರಲ್ಲಿ ಇನ್ನೊಂದು, ನಾಲ್ಕಾಯ್ತು, ಮಾವಂದಿರಿಗೂ ನಾಲ್ಕು ನಾಲ್ಕು. ಆಯಿ ಆ ನಾಲ್ಕು ಹೋಳನ್ನ ಸುಮಾರು ಹೊತ್ತು ನೋಡ್ತಾ ಕೂತಿದ್ಲು. ಅಷ್ಟು ವರ್ಷ ಕೋರ್ಟು ಅಲೆದರೂ ಯಾರೂ ಅವಳಿಗೆ ಹೀಗೆ ಬಿಡಿಸಿ ಹೇಳಿರಲಿಲ್ಲ.

ವಿಚಾರಣೆಯಲ್ಲಿ ಮಾವಂದಿರ ಕಡೆಯವರು ಬಾಯಿಮಾತಿನ ಪಾಲು ಎಂದೋ ಆಗಿತ್ತು ಅಂತ ವಾದ ಮಾಡಿದ್ರು. ನಮ್ಮವರು ವರ್ಷವಾರು ಪಹಣಿ ಇಟ್ಟು ಹೆಸರುಗಳೆಲ್ಲ ಜಂಟಿಯಾಗೇ ಇವೆ ಅಂತ ತೋರಿಸಿದ್ರು. ಬಾಯಿಮಾತಿನ ಪಾಲನ್ನ ಸರ್ಕಾರಿ ದಾಖಲೆ ಬೆಂಬಲ ಇಲ್ಲದೇ ಸುಲಭಕ್ಕೆ ಒಪ್ಪಬಾರದು ಅಂತ ಅದೇ 2020ರ ತೀರ್ಪಲ್ಲಿದೆ. ಕಳೆದ ವರ್ಷ ಆರ್ಡರ್ ಆಯ್ತು, ಮೂರರಲ್ಲಿ ಒಂದು.

ಈಗ ಹೊಸ ಸುದ್ದಿ ಬಗ್ಗೆ. ದೊಡ್ಡವರು ಸೀನಿಯರ್ ಆದ್ದರಿಂದ ಇನ್ನು ಮುಂದೆ ಅವರು ನೇರವಾಗಿ ವಕಾಲತ್ತು ಹಾಕೋ ಹಾಗಿಲ್ಲ, ಬೇರೆ ವಕೀಲರು ಫೈಲ್ ಮಾಡಿ ಇವರನ್ನ ವಾದಕ್ಕೆ ಕರೀಬೇಕು. ಹಾಗಾಗಿ ಆಫೀಸು ಈಗ ಜೂನಿಯರ್ ಮೇಡಂ ಮತ್ತೆ ಇನ್ನಿಬ್ಬರ ಕೈಯಲ್ಲಿದೆ. ಹೊಸದಾಗಿ ಹೋಗೋರು ದೊಡ್ಡವರೇ ಬೇಕು ಅಂತ ಹಟ ಮಾಡಬೇಡಿ, ಮೇಡಂ ಫೈಲ್ ಓದೋ ರೀತಿ ನೋಡಿದ್ರೆ ನಿಮಗೇ ಧೈರ್ಯ ಬರ್ತದೆ. ತಿಂಗಳಿಗೊಂದು ಶನಿವಾರ ಶಿರಸಿಗೂ ಬರ್ತಾರಂತೆ ಇನ್ನು, ವಯಸ್ಸಾದವರಿಗೆ ಇದು ಎಲ್ಲಕ್ಕಿಂತ ದೊಡ್ಡ ಉಪಕಾರ, ಆಫೀಸು ಎರಡನೇ ಮಹಡಿ, ಲಿಫ್ಟ್ ಇಲ್ಲ, ಆಯಿ ಪ್ರತಿ ಸಲ ಮಧ್ಯೆ ಕೂತು ಕೂತು ಹತ್ತಬೇಕಿತ್ತು.

ಬೇಜಾರಾಗಿದ್ದೂ ಇದೆ. ಕೋರ್ಟು ದಿನ ಸಂಜೆ ಐದೂವರೆ ತನಕ ಫೋನ್ ಎತ್ತೋದೇ ಇಲ್ಲ. ಅಪೀಲು ಮೆಮೋ ಪೂರ್ತಿ ಇಂಗ್ಲಿಷಲ್ಲಿ, ಸಹಿ ಹಾಕೋ ಮುಂಚೆ ಓದಿ ಹೇಳ್ತಾರೆ ಹೌದು, ಆದ್ರೆ ಕನ್ನಡದಲ್ಲಿ ಒಂದು ಪುಟ ಸಾರಾಂಶ ಬರೆದು ಕೊಟ್ರೆ ಮನೇಲಿ ಎಲ್ಲರೂ ಕೂತು ಓದಬಹುದು. ಇದನ್ನ ಮೇಡಂಗೂ ಹೇಳಿದ್ದೀನಿ. ಫೀಸಿನ ವಿಷಯದಲ್ಲಿ ಮಾತ್ರ ಒಂದು ತಕರಾರೂ ಇಲ್ಲ, ಡ್ರಾಫ್ಟಿಂಗಿಗೆ ಇಷ್ಟು, ಅಡ್ಮಿಶನ್ನಿಗೆ ಇಷ್ಟು, ಕೊನೇ ವಾದಕ್ಕೆ ಇಷ್ಟು ಅಂತ ಮೊದಲ ದಿನವೇ ಹಾಳೆ ಮೇಲೆ ಬರೆದು ಕೊಟ್ರು, ಅದಕ್ಕಿಂತ ಒಂದು ರೂಪಾಯಿ ಹೆಚ್ಚು ಕೇಳಲಿಲ್ಲ.

ಹೋಗೋರು ಎರಡೂ ತೀರ್ಪಿನ ಸರ್ಟಿಫೈಡ್ ಕಾಪಿ, ಡಿಕ್ರಿ ಕಾಪಿ, ದಾವೆ ಮತ್ತೆ ಕೈಫಿಯತ್ತಿನ (ದಾವೆಗೆ ಎದುರು ಪಾರ್ಟಿ ಕೊಟ್ಟ ಲಿಖಿತ ಉತ್ತರ) ನಕಲು, ಪಹಣಿ ಎಲ್ಲ ಒಂದೇ ಫೈಲಲ್ಲಿ ಹಾಕ್ಕೊಂಡು ಹೋಗಿ. ತೀರ್ಪಾದ ದಿನವೇ ಕಾಪಿಗೆ ಅರ್ಜಿ ಹಾಕಿ, ಬಂದ ಕೂಡಲೇ ನಿಮ್ಮ ಕೈಗೆ ಇಸ್ಕೊಳ್ಳಿ. ನಮ್ಮದು ಈಗ ಶಿರಸಿ ಕೋರ್ಟಲ್ಲಿ ಎಫ್‌ಡಿಪಿ, ಅಂದ್ರೆ ಪಾಲು ಬಿಡಿಸಿ ಕೊಡೋ ಅಂತಿಮ ಡಿಕ್ರಿ ಹಂತದಲ್ಲಿದೆ, ತೋಟ ಅಳತೆ ಆಗಬೇಕು. ಅಡಿಕೆ ಕೊನೆಕೊಯ್ಲು ಮುಗಿಯೋ ತನಕ ತಡೀರಿ ಅಂತ ಮಾವನೇ ಫೋನ್ ಮಾಡಿ ಕೇಳಿದ್ರು, ಎಷ್ಟೋ ವರ್ಷದ ಮೇಲೆ ಬಂದ ಫೋನು ಅದು, ಆಯಿ ಆಗಲಿ ಅಂದ್ಲು.