ನಾಲ್ಕು ವರ್ಷದ ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್: ರೀಸ್ಟಾರ್ಟ್ ಅಂದ್ರೆ ಮಾತ್ರ ಮುನಿಸು

ತಿಪಟೂರಿನಲ್ಲಿ ನನ್ನದು ಸಣ್ಣ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಶಿವಗಣಾರಾಧನೆ ಕಾರ್ಡು. 2021ರ ಕೊನೆಯಲ್ಲಿ ಬೆಂಗಳೂರಿನ ಎಸ್.ಪಿ. ರೋಡಿನಿಂದ 13,500 ರೂಪಾಯಿಗೆ ಈ ಡೆಸ್ಕ್‌ಟಾಪ್ ತಂದೆ. ಆಫೀಸುಗಳಲ್ಲಿ ದುಡಿದು ಹೊರಗೆ ಬರುತ್ತವಲ್ಲ, ಆ ಜಾತಿಯದು. ರ‍್ಯಾಮ್ ಎಷ್ಟು, ಪ್ರೊಸೆಸರ್ ಯಾವುದು ಅಂತ ಬರೆಯಲ್ಲ. ನನ್ನ ಕೆಲಸಕ್ಕೆ ಸಾಕು.

ಬೆಳಿಗ್ಗೆ ಶಟರ್ ಎತ್ತಿದ ಕೂಡಲೇ ಬೋರ್ಡಿನ ಸ್ವಿಚ್ ಹಾಕಿ, ಮೇಜಿನ ಕೆಳಗೆ ಕಾಲು ಚಾಚಿ ಹೆಬ್ಬೆರಳಿನಿಂದ ಬಟನ್ ಒತ್ತುತ್ತೇನೆ. ಆಮೇಲೆ ದೇವರ ಫೋಟೋಗೆ ಊದುಬತ್ತಿ. ಕಡ್ಡಿ ಗೀರಿ, ಬತ್ತಿ ಸಿಕ್ಕಿಸಿ, ಕೈ ಮುಗಿದು ತಿರುಗುವಷ್ಟರಲ್ಲಿ ಡೆಸ್ಕ್‌ಟಾಪ್ ಬಂದಿರುತ್ತದೆ. ನಾಲ್ಕು ವರ್ಷದಲ್ಲಿ ಬೆಳಗಿನ ಈ ಹೊತ್ತಿನಲ್ಲಿ ಒಂದು ದಿನವೂ ಕೈಕೊಟ್ಟಿಲ್ಲ.

ಆದರೆ ರೀಸ್ಟಾರ್ಟ್ ಕೊಟ್ಟರೆ ಮುಗೀತು. ಎಲ್ಲಾ ಸಲ ಅಲ್ಲ, ಅದೇ ತಲೆನೋವು. ಐದು ಸಲ ಸುಮ್ನೆ ಆಗುತ್ತೆ, ಆರನೇ ಸಲ ಕಂಪನಿ ಲೋಗೋ ಬಂದು ಅಲ್ಲೇ ಕಲ್ಲಾಗುತ್ತೆ. ಕ್ಯಾಪ್ಸ್ ಲಾಕ್ ಒತ್ತಿದರೆ ಕೀಬೋರ್ಡಿನ ದೀಪ ಕೂಡ ಬದಲಾಗಲ್ಲ. ಬಟನ್ ಅದುಮಿ ಹಿಡಿದು ಆರಿಸಬೇಕು. ಎದುರಿಗೆ ಗಿರಾಕಿ ಪ್ರೂಫ್ ನೋಡಲು ಕೂತಿದ್ದಾಗ ಹೀಗಾದರೆ ಹೇಗಿರುತ್ತೆ ಹೇಳಿ.

ರಿಪೇರಿಯವರೊಬ್ಬರು ಮುಟ್ಟಿಯೂ ನೋಡದೆ ‘ಮದರ್‌ಬೋರ್ಡ್ ಹೋಗಿದೆ, ಆರು ಸಾವಿರ ಆಗುತ್ತೆ’ ಅಂದರು. ನಾನು ನಲವತ್ತು ರೂಪಾಯಿ ಕೊಟ್ಟು ಸಿಮಾಸ್ ಬ್ಯಾಟರಿ, ಅಂದ್ರೆ ಮದರ್‌ಬೋರ್ಡಿನ ಮೇಲಿರುವ ಬಿಲ್ಲೆಯಂಥ ಸಣ್ಣ ಬ್ಯಾಟರಿ, ಬದಲಾಯಿಸಿದೆ. ಪ್ರಯೋಜನ ಇಲ್ಲ. ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ ಅಂತ ಯೂಟ್ಯೂಬಿನಲ್ಲಿ ಎಲ್ಲರದೂ ಒಂದೇ ಮಂತ್ರ. ಅದನ್ನೂ ಮಾಡಿದೆ. ಆಮೇಲೆ ತಿಳಿಯಿತು, ಅದು ಶಟ್‌ಡೌನ್‌ಗೆ ಮಾತ್ರ. ಶಟ್‌ಡೌನ್ ಕೊಟ್ಟಾಗ ವಿಂಡೋಸ್ ತನ್ನದೊಂದು ಭಾಗವನ್ನು ಡಿಸ್ಕಿಗೆ ಬರೆದಿಟ್ಟು ಮಲಗುತ್ತದೆ. ರೀಸ್ಟಾರ್ಟ್‌ನಲ್ಲಿ ಹೇಗೂ ಪೂರ್ತಿ ಕಳಚಿಕೊಂಡು ಹೊಸದಾಗಿ ಏಳುತ್ತದೆ.

ದಾರಿ ಸಿಕ್ಕಿದ್ದು ವಿಂಡೋಸ್ ತನ್ನ ಆಗುಹೋಗು ಬರೆದಿಡುವ ಈವೆಂಟ್ ವ್ಯೂವರ್‌ನಲ್ಲಿ. ವಿಂಡೋಸ್ ನಡೆಯುತ್ತಿರುವಾಗ ಕುತ್ತಿಗೆ ಹಿಸುಕಿ ಆರಿಸಿದರೆ ಅಲ್ಲಿ ಕರ್ನಲ್ ಪವರ್ 41 ಅಂತ ಒಂದು ದೂರು ಬಿದ್ದಿರುತ್ತದೆ. ನನ್ನದರಲ್ಲಿ ಒಂದೂ ಇಲ್ಲ! ಅಂದರೆ ವಿಂಡೋಸ್ ಸರಿಯಾಗಿಯೇ ಇಳಿದು ಹೋಗಿದೆ. ಸಿಕ್ಕಿಹಾಕಿಕೊಳ್ಳುತ್ತಿರುವುದು ಅದು ಮತ್ತೆ ಹತ್ತುವ ಮೊದಲು, ಬಯಾಸ್ ಹತ್ತಿರ. ಬಯಾಸ್ ಅಂದ್ರೆ ಮದರ್‌ಬೋರ್ಡಿನಲ್ಲೇ ಇದ್ದು, ಮೊದಲು ಎದ್ದು ವಿಂಡೋಸನ್ನು ಎಬ್ಬಿಸುವ ಪ್ರೋಗ್ರಾಂ. ವಿಂಡೋಸ್ ಮತ್ತೆ ಹಾಕಿಸಿದ್ದರೆ ದುಡ್ಡು ದಂಡ ಆಗುತ್ತಿತ್ತು.

ಆವತ್ತಿಂದ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕತೊಡಗಿದೆ. ನಿಂತ ದಿನಕ್ಕೆ ಕೆಂಪು ಇಂಟು, ಪಕ್ಕದಲ್ಲಿ ಆವತ್ತಿನ ಕೆಲಸ. ಎರಡು ತಿಂಗಳಾದ ಮೇಲೆ ನೋಡಿದರೆ ಇಂಟುಗಳೆಲ್ಲ ಲಗ್ನಪತ್ರಿಕೆಯ ದಿನಗಳ ಮೇಲೇ ಕೂತಿವೆ. ಮುಹೂರ್ತದ ದೋಷ ಅಂತ ನಕ್ಕೆ. ಆಮೇಲೆ ಹೊಳೆಯಿತು. ಹುಡುಗ ಹುಡುಗಿ ಫೋಟೋ ಕ್ಯಾಮೆರಾದ ಮೆಮೊರಿ ಕಾರ್ಡಿನಲ್ಲಿ ಬರುತ್ತೆ. ಅದನ್ನು ಓದಿಸಲು ಹಿಂದಿನ ಯುಎಸ್‌ಬಿಗೆ ಒಂದು ಕಾರ್ಡ್ ರೀಡರ್ ಚುಚ್ಚಿದ್ದೆ. ಇನ್ನೂರೈವತ್ತು ರೂಪಾಯಿಯದು, ಹೆಸರಿಲ್ಲದ ಮಾಲು. ಕಾರ್ಡು ಅದರೊಳಗೇ ಇರುತ್ತಿತ್ತು.

ರೀಸ್ಟಾರ್ಟ್ ಮಾಡಿದಾಗ ಯುಎಸ್‌ಬಿಗೆ ಕರೆಂಟ್ ಕಟ್ ಆಗಲ್ಲ. ರೀಡರ್ ಹಳೇ ಗುಂಗಿನಲ್ಲೇ ಇರುತ್ತೆ. ಬಯಾಸ್ ‘ನೀನು ಯಾರು, ನಿನ್ನಿಂದ ಬೂಟ್ ಆಗಬೇಕಾ’ ಅಂತ ಕೇಳಿ ಉತ್ತರಕ್ಕೆ ಕಾಯುತ್ತಾ ಕೂರುತ್ತೆ. ರಾತ್ರಿ ಸ್ವಿಚ್ ಆರಿಸಿ ಹೋಗುವುದರಿಂದ ಬೆಳಿಗ್ಗೆ ಈ ಕಾಟ ಇರಲಿಲ್ಲ. ವಿಂಡೋಸನ್ನು ಮೊದಲು ಎಲ್ಲಿ ಹುಡುಕಬೇಕು ಅನ್ನುವ ಬಯಾಸಿನ ಪಟ್ಟಿ, ಅಂದ್ರೆ ಬೂಟ್ ಆರ್ಡರ್‌ನಲ್ಲಿ ಯುಎಸ್‌ಬಿ ಮೊದಲಿತ್ತು, ವಿಂಡೋಸ್ ಇರುವ ಎಸ್‌ಎಸ್‌ಡಿ ಡಿಸ್ಕನ್ನು ಮೇಲೆ ತಂದೆ. ಕಾರ್ಡು ಒಳಗಿಟ್ಟು ಹತ್ತು ಸಲ ನೋಡಿದೆ, ಒಂದು ಸಲ ನಿಂತಿತು. ರೀಡರ್ ಕಿತ್ತು ಇಪ್ಪತ್ತು ಸಲ ನೋಡಿದೆ, ಒಂದು ಸಲವೂ ನಿಲ್ಲಲಿಲ್ಲ.

ಎರಡು ವರ್ಷ ಪಾಪದ್ದನ್ನು ಬೈದಿದ್ದೇ ಬೈದಿದ್ದು. ಹೋದ ಆಯುಧ ಪೂಜೆಗೆ ಕ್ಯಾಬಿನೆಟ್ಟಿಗೆ ವಿಭೂತಿ ಮೂರೆಳೆ ಜೊತೆ ಒಂದು ಹೂವು ಜಾಸ್ತಿ ಇಟ್ಟೆ.

ಈಗಲೂ ಇಂಥದ್ದು ತಗೋಬಹುದಾ ಅಂದರೆ, ಟೈಪಿಂಗ್ ಕೆಲಸಕ್ಕೆ ಧಾರಾಳವಾಗಿ ತಗೊಳ್ಳಿ. ಆದರೆ ಪ್ರೊಸೆಸರ್ ವಿಂಡೋಸ್ 11ಕ್ಕೆ ಒಗ್ಗುವುದಾ ಅಂತ ಕೇಳಿಯೇ ದುಡ್ಡು ಕೊಡಿ. ನನ್ನದು ಒಗ್ಗಲ್ಲ, 10ಕ್ಕೆ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೇ ನಿಂತಿದೆ. ಕಾರ್ಡ್ ರೀಡರ್ ಈಗ ಡ್ರಾಯರಿನಲ್ಲಿ, ಕತ್ತರಿ ಪಕ್ಕದಲ್ಲಿದೆ. ಫೋಟೋ ಇಳಿಸಿದ ತಕ್ಷಣ ಕೀಳುತ್ತೇನೆ. ಗಿರಾಕಿಗಳೂ ಈಗ ಕಾರ್ಡು ಮರೆತು ಹೋಗುವುದಿಲ್ಲ.